ಕೆರೆಯ ದಂಡೆಯಲ್ಲಿ ದಿನಾ ನಡೆಯುವವರು ಕುಮಾರಪರ್ವತ ಹತ್ತಬಹುದೇ?

ಓದುಗರ ಪ್ರಶ್ನೆ: ನನಗೆ 46 ವರ್ಷ. ಎಂಟು ವರ್ಷಗಳಿಂದ ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲಿ ದಿನವೂ ಬೆಳಿಗ್ಗೆ 8 ಕಿ.ಮೀ. ನಡೆಯುತ್ತೇನೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇಲ್ಲ. ಗೆಳೆಯರು ಡಿಸೆಂಬರ್‌ನಲ್ಲಿ ಕುಮಾರಪರ್ವತಕ್ಕೆ, ಮುಂದಿನ ವರ್ಷ ಇಂಡೊನೇಷ್ಯಾದ ಲೊಂಬೊಕ್ ದ್ವೀಪದ ರಿಂಜಾನಿ ಪರ್ವತಕ್ಕೆ ಹೋಗೋಣ ಎನ್ನುತ್ತಿದ್ದಾರೆ. ನನ್ನ ನಡಿಗೆ ಇದಕ್ಕೆ ಸಾಕೇ?

ಉತ್ತರ: ಸಾಲದು. ಆದರೆ ನಿಮ್ಮ ಎಂಟು ವರ್ಷದ ನಡಿಗೆ ವ್ಯರ್ಥವೂ ಅಲ್ಲ. ಉಸಿರು ಮತ್ತು ಹೃದಯ ಅದರಿಂದ ಪಳಗಿವೆ, ತೊಡೆ ಮತ್ತು ಮೊಣಕಾಲು ಪಳಗಿಲ್ಲ. ಬೆಟ್ಟ ಕೈಕೊಡುವುದು ಹೆಚ್ಚಾಗಿ ಅಲ್ಲೇ, ಅದೂ ಏರುವಾಗಲ್ಲ, ಇಳಿಯುವಾಗ.

ಬಯಲುಸೀಮೆಯವರಾದ ನಾವು ದಾರಿಯನ್ನು ಕಿಲೋಮೀಟರಿನಲ್ಲಿ ಅಳೆಯುತ್ತೇವೆ. ಧಾರವಾಡದಿಂದ ಗದಗಿನವರೆಗೆ ಎರೆಹೊಲಗಳ ನಡುವೆ ಆ ಅಳತೆ ಸರಿಯೇ. ಬೆಟ್ಟದಲ್ಲಿ ಅದು ಮೋಸ ಮಾಡುತ್ತದೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ಒಂದು ಸರಳ ಲೆಕ್ಕ ಕೊಟ್ಟರು. ಅದನ್ನು ಇಂದಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತದ ತುದಿಗೆ ಸುಮಾರು 13 ಕಿ.ಮೀ. ಸಮತಟ್ಟಾದ ನೆಲದಲ್ಲಿ ನಿಮಗೆ ಅದು ಎರಡೂವರೆ ಗಂಟೆಯ ದಾರಿ. ಆದರೆ ಕುಕ್ಕೆಯಿಂದ 1,712 ಮೀಟರ್ ಎತ್ತರದ ತುದಿಗೆ ಸುಮಾರು 1,600 ಮೀಟರ್ ಏರಬೇಕು. ಅದಕ್ಕೇ ಇನ್ನೂ ಎರಡೂವರೆ ಗಂಟೆ ಬೇಕು. ಬೆನ್ನಿನ ಚೀಲದ ಭಾರ, ಬಿಸಿಲು, ಕೂತು ಸುಧಾರಿಸಿಕೊಳ್ಳುವ ಹೊತ್ತು ಸೇರಿದರೆ ಹೊಸಬರಿಗೆ ಏರುವುದಕ್ಕೇ ಏಳೆಂಟು ಗಂಟೆ. ಆಮೇಲೆ ಅಷ್ಟೂ ದಾರಿಯನ್ನು ಇಳಿಯಬೇಕು.

ಇಲ್ಲೇ ಇನ್ನೊಂದು ಮಾತು. ಶಿಖರದ ಎತ್ತರ ಕೇಳಿ ಕಷ್ಟವನ್ನು ಅಂದಾಜು ಮಾಡಬೇಡಿ. 1,930 ಮೀಟರಿನ ಮುಳ್ಳಯ್ಯನಗಿರಿ ನಮ್ಮ ರಾಜ್ಯದಲ್ಲೇ ಅತಿ ಎತ್ತರದ್ದು, ಆದರೂ ಅಲ್ಲಿ ತುದಿಯ ಸಮೀಪದವರೆಗೂ ವಾಹನ ಹೋಗುತ್ತದೆ. ಕೇಳಬೇಕಾದದ್ದು ನಿಮ್ಮ ಕಾಲು ಎಷ್ಟು ಮೀಟರ್ ಏರಬೇಕು, ಎಷ್ಟು ಮೀಟರ್ ಇಳಿಯಬೇಕು ಎಂದು.

ಇಳಿಯುವಾಗ ನಡೆಯುವುದಾದರೂ ಏನು? ಭಾರ ಹೇರಿದ ಬಂಡಿಯನ್ನು ಏರಿನಲ್ಲಿ ಎಳೆಯುವುದು ಎತ್ತಿಗೆ ದಣಿವು, ಇಳಿಜಾರಿನಲ್ಲಿ ತಡೆಹಿಡಿಯುವುದು ಅಪಾಯ. ನಮ್ಮ ತೊಡೆಯ ಮುಂಭಾಗದ ಸ್ನಾಯುಗಳ ಪಾಡೂ ಹಾಗೆಯೇ. ಏರುವಾಗ ಅವು ಕುಗ್ಗುತ್ತ ದುಡಿಯುತ್ತವೆ. ಇಳಿಯುವಾಗ ಹಿಗ್ಗುತ್ತಲೇ ಇಡೀ ದೇಹದ ಭಾರವನ್ನು ತಡೆಯಬೇಕು. ಈ ಬಗೆಯ ಕೆಲಸದಿಂದ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದ ಹರುಕುಗಳಾಗುತ್ತವೆ, ಕಾಲು ನಡುಗತೊಡಗುತ್ತದೆ. ನಡುಗುವ ಕಾಲು ತಾನು ಅಂದುಕೊಂಡ ಕಲ್ಲಿನ ಮೇಲೆ ಬೀಳುವುದಿಲ್ಲ. ಉಸಿರು ಕಟ್ಟುವುದಿಲ್ಲವಾದ್ದರಿಂದ ದಣಿದದ್ದೇ ತಿಳಿಯುವುದಿಲ್ಲ. ನೀರು ಮುಗಿದಿರುತ್ತದೆ, ಗಮನ ಚದುರಿರುತ್ತದೆ, ಕತ್ತಲಾಗುವ ಮುನ್ನ ಮುಟ್ಟುವ ಅವಸರ ಬೇರೆ.

ನನ್ನ ಮೊದಲ ಕುಮಾರಪರ್ವತದಲ್ಲಿ ಆದದ್ದು ಇದೇ. ಧಾರವಾಡದಿಂದ ನಾವು ಐವರು ಹೋಗಿದ್ದೆವು. ತುದಿಯಲ್ಲಿ ಫೋಟೊ ತೆಗೆಯುತ್ತ ಒಂದು ಗಂಟೆ ಹೆಚ್ಚೇ ಕಳೆದೆವು. ಹಿಂತಿರುಗುವಾಗ ನಡುದಾರಿಯಲ್ಲಿರುವ ಗಿರಿಗದ್ದೆಯ ಭಟ್ಟರ ಮನೆ ದಾಟುವಷ್ಟರಲ್ಲಿ ಸಂಜೆ. ಅಲ್ಲಿಂದ ಕೆಳಗೆ ದಟ್ಟ ಕಾಡು, ಬೇರುಗಳು ಮೆಟ್ಟಿಲಿನಂತೆ ಹೆಣೆದುಕೊಂಡ ದಾರಿ. ಐವರಲ್ಲಿ ಟಾರ್ಚ್ ಇದ್ದದ್ದು ಇಬ್ಬರ ಬಳಿ. ನನ್ನ ಬಲಮೊಣಕಾಲು ಮಡಚಲು ಒಪ್ಪದೆ, ಕೊನೆಯ ಎರಡು ಗಂಟೆ ಗೆಳೆಯನ ಹೆಗಲು ಹಿಡಿದು ಪಕ್ಕಪಕ್ಕಕ್ಕೆ ಹೆಜ್ಜೆ ಇಡುತ್ತ ಇಳಿದೆ. ಆ ರಾತ್ರಿಯ ಭಯ ಇನ್ನೂ ಮೈಯಲ್ಲಿದೆ. ತಪ್ಪು ಬೆಟ್ಟದ್ದಲ್ಲ, ಗಡಿಯಾರ ನೋಡದ ನಮ್ಮದು.

ಆದ್ದರಿಂದ ಹೊರಡುವ ಮೊದಲೇ ಹಿಂತಿರುಗುವ ಹೊತ್ತನ್ನು ಗೊತ್ತು ಮಾಡಿಕೊಳ್ಳಿ. ಅಂದು ಎಷ್ಟು ಗಂಟೆ ಬೆಳಕು ಇರುತ್ತದೆ, ಇಳಿಯಲು ಎಷ್ಟು ಬೇಕು ಎಂದು ಲೆಕ್ಕ ಹಾಕಿ, ಆ ಹೊತ್ತಾದ ಕೂಡಲೇ ತುದಿ ನೂರು ಮೀಟರ್ ದೂರದಲ್ಲಿದ್ದರೂ ತಿರುಗಬೇಕು. ಗುಂಪಿನಲ್ಲಿ ಇದನ್ನು ಹೇಳುವುದು ಬಹಳ ಕಷ್ಟ. ಅದಕ್ಕೇ ಮನೆಯಲ್ಲಿ ಕೂತಾಗಲೇ ಎಲ್ಲರೂ ಒಪ್ಪಿರಬೇಕು.

ಬಿಸಿಲು ಮತ್ತು ನೀರಿನ ವಿಷಯ. ಗಿರಿಗದ್ದೆಯಿಂದ ಮೇಲೆ ಬಹುಪಾಲು ಬಯಲು ಹುಲ್ಲುಗಾವಲು, ನೆರಳಿಲ್ಲ. ಬರೀ ನೀರನ್ನು ಲೀಟರುಗಟ್ಟಲೆ ಕುಡಿದರೆ ಬೆವರಿನಲ್ಲಿ ಹೋದ ಉಪ್ಪು ಮರಳುವುದಿಲ್ಲ. ರಕ್ತದಲ್ಲಿ ಸೋಡಿಯಂ ತೀರಾ ಇಳಿದರೆ ತಲೆನೋವು, ವಾಂತಿ, ಗೊಂದಲ ಶುರುವಾಗುತ್ತವೆ. ನೀರಿನ ಜೊತೆ ಓಆರ್‌ಎಸ್ ಪುಡಿ ಇರಲಿ. ಊಟಕ್ಕೆ ನಮ್ಮ ಸೀಮೆಯ ಬುತ್ತಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಖಡಕ್ ರೊಟ್ಟಿ ಕೆಡುವುದಿಲ್ಲ, ಶೇಂಗಾ ಚಟ್ನಿಯಲ್ಲಿ ಉಪ್ಪೂ ಇದೆ ಎಣ್ಣೆಯೂ ಇದೆ, ಒಂದು ಅಂಟಿನ ಉಂಡೆ ಒಂದು ತಾಸಿನ ಏರಿಗೆ ಸಾಕು.

ಚಳಿಯನ್ನು ನಾವು ಲಘುವಾಗಿ ಕಾಣುತ್ತೇವೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ 22 ಜನರ ತಂಡ ಹಿಮಗಾಳಿಗೆ ಸಿಲುಕಿ 9 ಮಂದಿ ತೀರಿಕೊಂಡರು. ತಂಡದ ಬಹುತೇಕರು ಕರ್ನಾಟಕದವರು. ಅಂಥ ಸಾವಿಗೆ ಹಿಮವೇ ಬೇಕೆಂದಿಲ್ಲ. ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದರೆ 10 ಡಿಗ್ರಿಯಲ್ಲೂ ದೇಹದ ಶಾಖ ಸೋರಿಹೋಗುತ್ತದೆ. ಜೊತೆಯವರ ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ, ಅವರು ಸುಮ್ಮನೆ ಕೂತುಬಿಟ್ಟರೆ ದಣಿವೆಂದು ಬಿಡಬೇಡಿ. ಗಾಳಿ ಮರೆಗೆ ಕರೆದೊಯ್ದು, ಒದ್ದೆ ಬಟ್ಟೆ ಬಿಚ್ಚಿಸಿ, ಒಣಗಿದ್ದನ್ನು ಹೊದಿಸಿ. ಹತ್ತಿ ಬಟ್ಟೆ ಹುಬ್ಬಳ್ಳಿಯ ಸೆಕೆಗೆ ಹಿತ, ಬೆಟ್ಟದ ಮಳೆಯಲ್ಲಿ ಶತ್ರು.

ಈಗ ರಿಂಜಾನಿ. ದ್ವೀಪದ ಪರ್ವತವನ್ನು ಬೇರೆಯೇ ಲೆಕ್ಕದಲ್ಲಿ ಇಡಬೇಕು. ಅದರ ಬುಡ ಕಡಲಿನಲ್ಲಿರುತ್ತದೆ, ತುದಿ ಮೋಡದಲ್ಲಿ, ನಡುವಿನ ದೂರ ತೀರಾ ಕಡಿಮೆ. ಎತ್ತರ ಏರಿದಂತೆ ಪ್ರತಿ 1,000 ಮೀಟರಿಗೆ ಸುಮಾರು 6.5 ಡಿಗ್ರಿ ತಂಪಾಗುತ್ತದೆ. ರಿಂಜಾನಿಯ ತುದಿ 3,726 ಮೀಟರ್. ಕಡಲತೀರದಲ್ಲಿ 28 ಡಿಗ್ರಿ ಇದ್ದರೆ ಮೇಲೆ 4 ಡಿಗ್ರಿ, ಬೆಳಗಿನ ಜಾವದ ಗಾಳಿಯಲ್ಲಿ ಇನ್ನೂ ಕಡಿಮೆ ಅನಿಸುತ್ತದೆ. 2,500 ಮೀಟರ್ ದಾಟಿದ ಮೇಲೆ, ಆಮ್ಲಜನಕ ಕಡಿಮೆ ಸಿಗುವುದರಿಂದ ಬರುವ ಎತ್ತರದ ಕಾಯಿಲೆ ಯಾರಿಗೂ ಬರಬಹುದು, ಎಷ್ಟೇ ಗಟ್ಟಿಮುಟ್ಟಾಗಿದ್ದರೂ. ಹಿಮಾಲಯದಲ್ಲಿ ಊರೂರು ತಂಗುತ್ತ ಏರಿ ದೇಹವನ್ನು ಒಗ್ಗಿಸಿಕೊಳ್ಳಬಹುದು. ಇಲ್ಲಿ ಸಾಮಾನ್ಯವಾಗಿ ಎರಡು ಮೂರು ದಿನದಲ್ಲೇ ಎಲ್ಲವೂ ಮುಗಿಯುತ್ತದೆ. ತಲೆನೋವಿನ ಜೊತೆ ವಾಕರಿಕೆ ಬಂದರೆ ಮೇಲಕ್ಕೆ ಒಂದು ಹೆಜ್ಜೆಯನ್ನೂ ಇಡಬಾರದು. ಕಡಿಮೆಯಾಗದಿದ್ದರೆ ಇಳಿಯುವುದೇ ಮದ್ದು.

ಕಡಲ ತೇವದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರುವುದರಿಂದ ಬೆಳಿಗ್ಗೆ ನಿರ್ಮಲವಾಗಿದ್ದ ಶಿಖರ ಮಧ್ಯಾಹ್ನದೊಳಗೆ ಮಂಜಿನಲ್ಲಿ ಮುಳುಗಬಹುದು. ರಿಂಜಾನಿಯ ಕೊನೆಯ ಏರು ಜ್ವಾಲಾಮುಖಿಯ ಸಡಿಲ ಮರಳು, ಜಲ್ಲಿಯದು, ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತದೆ. 2025ರ ಜೂನ್ 21ರಂದು ಬ್ರೆಜಿಲ್‌ನ ಯುವತಿಯೊಬ್ಬಳು ಅಲ್ಲಿ ಕುಳಿಯ ಅಂಚಿನ ಬಳಿ ಕೆಳಗೆ ಬಿದ್ದಳು. ಮಂಜು ಮತ್ತು ಕಡಿದಾದ ಇಳಿಜಾರಿನಿಂದಾಗಿ ರಕ್ಷಣಾ ತಂಡ ಅವಳನ್ನು ತಲುಪಿದ್ದು 24ರಂದು. ಆಗ ಜೀವ ಇರಲಿಲ್ಲ. ಇದನ್ನು ಹೆದರಿಸಲು ಬರೆಯುತ್ತಿಲ್ಲ. ಬಿದ್ದವರ ಬಳಿಗೆ ನೆರವು ಗಂಟೆಗಳಲ್ಲಿ ಬರುತ್ತದೆ ಎಂಬ ನಂಬಿಕೆಯನ್ನು ಮನೆಯಲ್ಲೇ ಬಿಟ್ಟು ಹೋಗಬೇಕು ಎಂದು ಬರೆಯುತ್ತಿದ್ದೇನೆ.

ದ್ವೀಪಗಳ ತೊರೆಗಳೂ ಹಾಗೆಯೇ, ಮೋಟು ಮತ್ತು ಕಡಿದಾದವು. ಮೇಲೆ ಮಳೆಯಾದರೆ ಕೆಳಗೆ ಮೊಣಕಾಲುದ್ದದ ನೀರು ಅರ್ಧ ಗಂಟೆಯಲ್ಲಿ ಎದೆಮಟ್ಟ ಆಗಬಹುದು. ದಾಟಬೇಡಿ, ಕಾಯಿರಿ. ಮಳೆ ನಿಂತ ಮೇಲೆ ಬೇಗನೆ ಇಳಿಯುತ್ತದೆ. ಹುಬ್ಬಳ್ಳಿಯವರಿಗೆ ಹತ್ತಿರದ ಗೋಕರ್ಣದ ಕುಡ್ಲೆ, ಓಂ, ಹಾಫ್ ಮೂನ್ ಬೀಚುಗಳ ನಡುವಿನ ಕಡಲಂಚಿನ ದಾರಿಯಲ್ಲೂ ಭರತದ, ಅಂದರೆ ಕಡಲ ನೀರು ಉಕ್ಕಿಬರುವ, ವೇಳೆ ತಿಳಿದೇ ಹೆಜ್ಜೆ ಇಡಬೇಕು. ಭರತ ದಿನಕ್ಕೆ ಎರಡು ಬಾರಿ ಬರುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ನಿನ್ನೆ ಒಣಗಿದ್ದ ಬಂಡೆ ಇಂದು ಅದೇ ಹೊತ್ತಿಗೆ ಒಣಗಿರುತ್ತದೆ ಎನ್ನುವಂತಿಲ್ಲ.

ನಿಮಗೆ ನನ್ನ ಸಲಹೆ ಇಷ್ಟು. ಮೊದಲು ವೈದ್ಯರಿಂದ ಹೃದಯ ತಪಾಸಣೆ ಮಾಡಿಸಿಕೊಳ್ಳಿ, ನಲವತ್ತು ದಾಟಿದವರಿಗೆ ಇದು ಶಾಸ್ತ್ರಕ್ಕೆ ಮಾಡಿಸುವ ಪರೀಕ್ಷೆಯಲ್ಲ. ಮುಂದಿನ ಹನ್ನೆರಡು ವಾರ, ವಾರಕ್ಕೆ ಮೂರು ದಿನ ಕೆರೆಯ ದಂಡೆ ಬಿಟ್ಟು ನೃಪತುಂಗ ಬೆಟ್ಟಕ್ಕೆ ಹೋಗಿ. ಐದಾರು ಕಿಲೋ ತೂಕದ ಚೀಲ ಹೊತ್ತು ಹತ್ತಿ, ನಿಧಾನವಾಗಿ ಇಳಿಯಿರಿ, ಮತ್ತೆ ಹತ್ತಿ. ಇಳಿಯುವುದನ್ನೇ ಅಭ್ಯಾಸವೆಂದು ಎಣಿಸಿ. ಒಮ್ಮೆ ಇಳಿಜಾರಿನಲ್ಲಿ ನೊಂದು ಚೇತರಿಸಿಕೊಂಡ ಸ್ನಾಯು ಮುಂದಿನ ಬಾರಿ ಬಹಳ ಕಡಿಮೆ ನೋಯುತ್ತದೆ, ಇದು ದೇಹದ ದೊಡ್ಡ ಉಪಕಾರ. ನಡುವೆ ಒಂದೆರಡು ದಿನ ಗದಗಿನ ಕಪ್ಪತಗುಡ್ಡದ ಏರಿಳಿತಗಳಲ್ಲಿ ಪೂರ್ತಿ ದಿನ ನಡೆಯಿರಿ. 2019ರಿಂದ ಅದು ವನ್ಯಜೀವಿಧಾಮ, ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಬೇಕು. ಬೂಟನ್ನು ಇಲ್ಲೇ ಪಳಗಿಸಿಕೊಳ್ಳಿ. ಎರಡು ಊರುಗೋಲು ಕೊಳ್ಳಿ, ನಾಚಿಕೆ ಬೇಡ, ಮೊಣಕಾಲಿನ ಭಾರವನ್ನು ಅವು ನಿಜಕ್ಕೂ ಹಂಚಿಕೊಳ್ಳುತ್ತವೆ.

ಇಷ್ಟಾದರೆ ಡಿಸೆಂಬರಿನ ಕುಮಾರಪರ್ವತಕ್ಕೆ ಹೋಗಿ ಬನ್ನಿ. ಟಿಕೆಟನ್ನು ಆನ್‌ಲೈನಿನಲ್ಲಿ ಮುಂಚೆಯೇ ಕಾಯ್ದಿರಿಸಿ. ರಿಂಜಾನಿಯ ತೀರ್ಮಾನವನ್ನು ಕುಮಾರಪರ್ವತದಿಂದ ಇಳಿದ ಮರುದಿನ ಬೆಳಿಗ್ಗೆ ಮಾಡಿ, ಹಾಸಿಗೆಯಿಂದ ಎದ್ದು ಮನೆಯ ಮೆಟ್ಟಿಲು ಇಳಿದು ನೋಡಿದ ಮೇಲೆ. ಹೊರಡುವ ದಿನ ಒಂದು ಚೀಟಿಯಲ್ಲಿ ನಿಮ್ಮ ದಾರಿ, ಜೊತೆಗಾರರ ಫೋನ್ ನಂಬರುಗಳು, ಎಷ್ಟು ಗಂಟೆಯೊಳಗೆ ಕರೆ ಬಾರದಿದ್ದರೆ ಯಾರಿಗೆ ತಿಳಿಸಬೇಕು ಎಂದು ಬರೆದು ಮನೆಯವರ ಕೈಗೆ ಕೊಡಿ. ಮೊಬೈಲಿಗೆ ಕಳಿಸಿದರೆ ಸಾಲದು, ಕಾಗದದ ಮೇಲೇ ಬರೆಯಿರಿ.