ಉಪ್ಪುಗಾಳಿ ತಿನ್ನುವುದು ಸಿಮೆಂಟನ್ನಲ್ಲ

ಮಲ್ಪೆ ಬೀಚಿನ ಸಿಮೆಂಟ್ ಬೆಂಚೊಂದರ ಅಡಿಗೆ ಮೊನ್ನೆ ಬಗ್ಗಿ ನೋಡಿದೆ. ಉದ್ದಕ್ಕೆ ಬಿರುಕು. ಬಿರುಕಿನಿಂದ ಇಳಿದ ಕೆಂಪು ಗೆರೆ. ಚಕ್ಕೆ ಎದ್ದ ಕಡೆ ಕಂಬಿ ಕಾಣುತ್ತಿತ್ತು. "ಉಪ್ಪುಗಾಳಿ ಅಲ್ವಾ, ಸಿಮೆಂಟನ್ನು ತಿಂದುಬಿಡ್ತದೆ" ಅಂದರು ಚರುಮುರಿ ಮಾರುವವರು. ಕರಾವಳಿಯಲ್ಲಿ ಈ ಮಾತು ಕೇಳದ ಮನೆಯಿಲ್ಲ. ಆದರೆ ಇದು ತಪ್ಪು. ರೋಮನ್ನರು ಸಮುದ್ರದೊಳಗೇ ಕಟ್ಟಿದ ಕಾಂಕ್ರೀಟ್ 2000 ವರ್ಷವಾದರೂ ನಿಂತಿದೆ. ಅದರಲ್ಲಿ ಕಂಬಿಯೇ ಇಲ್ಲ. ಉಪ್ಪಿಗೆ ಬೇಕಾದದ್ದು ಕಂಬಿ.

ಒಳ್ಳೆಯ ಕಾಂಕ್ರೀಟಿನಲ್ಲಿ ಕ್ಷಾರ ಜಾಸ್ತಿ, ಪಿಎಚ್ 12ಕ್ಕೂ ಮೇಲೆ. ಆ ಕ್ಷಾರದಲ್ಲಿ ಕಂಬಿಯ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಮೈಗೆ ಎಣ್ಣೆ ಹಚ್ಚಿಕೊಂಡ ಹಾಗೆ. ಪೊರೆ ಇರುವಷ್ಟು ದಿನ ತುಕ್ಕಿನ ಭಯವಿಲ್ಲ. ಉಪ್ಪಿನ ಕ್ಲೋರೈಡ್ ಮಾತ್ರ ಕಾಂಕ್ರೀಟಿನ ಸಣ್ಣ ತೂತುಗಳಲ್ಲಿ ಮೆಲ್ಲಗೆ ಒಳಗಿಳಿಯುತ್ತದೆ, ಆಟಿಯ ಮಳೆ ಕೆಂಪುಕಲ್ಲಿನ ಗೋಡೆಯಲ್ಲಿ ಇಳಿದಂತೆ. ಕಂಬಿ ಮುಟ್ಟಿತೋ, ಪೊರೆ ಅಲ್ಲಲ್ಲಿ ಹರಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಜಾಗ ಬೇಕು. ಬಾಟಲಿ ತುಂಬ ಕಡಲೆ ಹಾಕಿ, ನೀರು ಹೊಯ್ದು, ಮುಚ್ಚಳ ಬಿಗಿದು ರಾತ್ರಿಯಿಡೀ ಇಟ್ಟ ಹಾಗೆ. ಗೋಡೆಯೊಳಗೆ ಅಶ್ವತ್ಥದ ಬೇರು ದಪ್ಪಗಾದ ಹಾಗೆ. ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ.

ಇಂಗ್ಲೆಂಡಿನ ಬೆಕ್ಸ್‌ಹಿಲ್ ಕಡಲತೀರದಲ್ಲಿ 1935ರಲ್ಲಿ ಡೆ ಲಾ ವಾರ್ ಪೆವಿಲಿಯನ್ ಎದ್ದು ನಿಂತಿತು. ಎರಿಕ್ ಮೆಂಡೆಲ್ಸೋನ್, ಸರ್ಜ್ ಚೆರ್ಮಾಯೆಫ್ ಅದರ ವಾಸ್ತುಶಿಲ್ಪಿಗಳು. ಬಿಳಿ ಗೋಡೆ, ಸುರುಳಿ ಮೆಟ್ಟಿಲು, ಕಡಲಿಗೆ ತೆರೆದ ಬಾಲ್ಕನಿ. ಮೇಯರ್ ಆಗಿದ್ದ ಡೆ ಲಾ ವಾರ್ ಪ್ರಭು ಸಮಾಜವಾದಿ. ಊರಿನ ಯಾರೇ ಆದರೂ ಬಂದು ಸಮುದ್ರ ನೋಡುತ್ತಾ ಕೂರಬೇಕು ಅನ್ನುವುದು ಅವರ ಆಸೆ. ಎಂಥ ಚೆಂದದ ಆಸೆ! ಅದರ ಉಕ್ಕಿನ ಚೌಕಟ್ಟನ್ನೂ ಕಡಲಗಾಳಿ ಬಿಡಲಿಲ್ಲ. ದೊಡ್ಡ ರಿಪೇರಿಯಾಗಿ 2005ರಲ್ಲಿ ಅದು ಮತ್ತೆ ಬಾಗಿಲು ತೆರೆಯಿತು.

ಹಾಗಾದರೆ ತಡೆ ಏನು? ನಮ್ಮ ಮೇಸ್ತ್ರಿಗಳು ಕಂಬಿಯ ಕೆಳಗೆ ಇಡುವ ಕವರ್ ಬ್ಲಾಕ್. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಸಿಮೆಂಟ್ ತುಂಡು. ಕಂಬಿಗೂ ಹೊರಗಾಳಿಗೂ ನಡುವೆ ಎಷ್ಟು ಕಾಂಕ್ರೀಟ್ ಇರುತ್ತದೆ ಅನ್ನುವುದನ್ನು ಅದೇ ತೀರ್ಮಾನಿಸುತ್ತದೆ. ಸಮುದ್ರದ ನೀರು ಸಿಡಿಯುವ ಕಡೆ 50 ಮಿಲಿಮೀಟರ್, ಉಬ್ಬರವಿಳಿತ ಮುಟ್ಟುವ ಕಡೆ 75 ಬೇಕು ಅನ್ನುತ್ತದೆ ಕಾಂಕ್ರೀಟ್ ಕೆಲಸಕ್ಕೆ ನಮ್ಮ ದೇಶದ ಮಾನದಂಡವಾದ ಐಎಸ್ 456. ಕ್ಲೋರೈಡಿನ ನಡಿಗೆಗೆ ಒಂದು ಲೆಕ್ಕವಿದೆ: ದೂರ ಅರ್ಧವಾದರೆ, ಹೆಚ್ಚುಕಡಿಮೆ ಕಾಲು ಭಾಗ ಸಮಯದಲ್ಲೇ ಅದು ತಲುಪುತ್ತದೆ. 40 ವರ್ಷ ತಡೆಯಬೇಕಾದದ್ದು 10ಕ್ಕೇ ಬಿರುಕು ಬಿಡುತ್ತದೆ. ಆ ಬ್ಲಾಕ್ ಬದಲು ಜಲ್ಲಿಕಲ್ಲಿನ ಚೂರು ಇಟ್ಟು ಕಾಂಕ್ರೀಟ್ ಸುರಿದದ್ದನ್ನು ನಾನೇ ಕಂಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಕಡಲ ಎದುರು ಸ್ವಂತ ವರಾಂಡ ಇದ್ದವರಿಗೆ ಇದರ ಬಿಸಿ ತಟ್ಟುವುದಿಲ್ಲ. ಉಳಿದವರಿಗೆ ಇರುವುದು ಇಂಥ ಬೆಂಚುಗಳೇ. ಈ ವಾರ ಹೋದಾಗ ಮಲ್ಪೆಯ ಆ ಬೆಂಚಿನ ಸುತ್ತ ಹಗ್ಗ ಕಟ್ಟಿದ್ದರು. ಸಂಜೆ ಅಲ್ಲಿ ಕೂತು ದೋಣಿ ನೋಡುತ್ತಿದ್ದ ಅಜ್ಜಿಯೊಬ್ಬರು ಹಗ್ಗದಾಚೆ, ಮರಳಿನ ಮೇಲೆ ಕಾಲು ಚಾಚಿ ಕೂತಿದ್ದರು. ಏಳುವಾಗ ಮೊಮ್ಮಗಳು ಎರಡೂ ಕೈ ಹಿಡಿದು ಎಳೆಯಬೇಕಾಯಿತು.