ಅಣುಬಾಂಬ್ ಬೆದರಿಕೆ: ನಿಮಿಷಗಳ ಲೆಕ್ಕ

"ಸರ, ಟ್ರಂಪ್ ಸಬ್‌ಮರೀನ್ ಕಳಿಸ್ಯಾನಂತ. ಮೂರನೇ ಮಹಾಯುದ್ಧ ಆಕ್ಕೈತೇನ್ರಿ?"

2025ರ ಆಗಸ್ಟ್ ಮೊದಲ ವಾರ ಬೆಳಗಾವಿಯ ನಮ್ಮ ಕ್ಲಾಸಿನಲ್ಲಿ ಬೈಲಹೊಂಗಲ ಕಡೆಯ ಹುಡುಗನೊಬ್ಬ ಹೀಗೆ ಕೇಳಿದ. ನಾನು ವಾಯುಪಡೆಯಲ್ಲಿ ರಾಡಾರ್ ಕೆಲಸ ಮಾಡಿ ನಿವೃತ್ತನಾದವನು. ಈಗ ಸೈನ್ಯಕ್ಕೆ ಸೇರಲು ತಯಾರಾಗುವ ಮಕ್ಕಳಿಗೆ ಪಾಠ ಹೇಳುತ್ತೇನೆ. ಗೋಕಾಕ, ಸವದತ್ತಿ, ರಾಮದುರ್ಗ ಕಡೆಯಿಂದೆಲ್ಲ ಬರುತ್ತಾರೆ. ಬೆಳಿಗ್ಗೆ ಓಟ, ಆಮೇಲೆ ಗಣಿತ, ಸಂಜೆ ಜನರಲ್ ನಾಲೆಜ್. ಹಿಂದಿನ ರಾತ್ರಿ ಟಿವಿಯಲ್ಲಿ ಏನು ಬಂದಿರುತ್ತದೋ ಅದೇ ಮರುದಿನ ಕ್ಲಾಸಿನ ಪ್ರಶ್ನೆ.

"ಇಲ್ಲೋ ತಮ್ಮಾ, ಅವು ಮೊದಲ ಸಮುದ್ರದಾಗ ಅದಾವು" ಅಂದೆ.

ನಿಜ ಸಂಗತಿ ಅಷ್ಟೇ. ರಷ್ಯಾದ ಮಾಜಿ ಅಧ್ಯಕ್ಷ ಮೆಡ್ವೆಡೆವ್ ಏನೋ ಅಂದರು. ಅದಕ್ಕೆ ಟ್ರಂಪ್, ಎರಡು ನ್ಯೂಕ್ಲಿಯರ್ ಸಬ್‌ಮರೀನ್‌ಗಳನ್ನು ಸೂಕ್ತ ಜಾಗಕ್ಕೆ ಕಳಿಸಲು ಹೇಳಿದ್ದೇನೆ ಅಂದರು. ಅವು ಅಣು ಇಂಧನದಿಂದ ಓಡುವಂಥವೋ, ಅಣು ಕ್ಷಿಪಣಿ ಹೊತ್ತವೋ ಅನ್ನುವುದನ್ನೂ ಬಿಡಿಸಿ ಹೇಳಲಿಲ್ಲ. ಅಮೆರಿಕದ ಹತ್ತಿರ ಅಣು ಕ್ಷಿಪಣಿ ಹೊತ್ತ ಓಹಾಯೋ ವರ್ಗದ 14 ಸಬ್‌ಮರೀನ್‌ಗಳಿವೆ. ಅವುಗಳಲ್ಲಿ ಕೆಲವು ವರ್ಷದ ಎಲ್ಲ ದಿನವೂ ನೀರಿನ ಕೆಳಗೆ ಅಡಗಿರುತ್ತವೆ. ಅದರ ಟ್ರೈಡೆಂಟ್ ಕ್ಷಿಪಣಿ 7,000 ಕಿಲೋಮೀಟರಿಗಿಂತ ಜಾಸ್ತಿ ಹಾರುತ್ತದೆ. ಹತ್ತಿರ ಹೋಗಬೇಕಾದ ಅಗತ್ಯವೇ ಇಲ್ಲ. ಅಂದಮೇಲೆ ಆ ದಿನ ಬದಲಾಗಿದ್ದು ಸುದ್ದಿಯ ಹೆಡ್‌ಲೈನ್ ಮಾತ್ರ.

ನಮ್ಮ ಕಡೆ ಜಾತ್ರೆಯ ಕುಸ್ತಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪೈಲ್ವಾನ್ ಅಖಾಡಕ್ಕಿಳಿದು ತೊಡೆ ತಟ್ಟುತ್ತಾನೆ. ಹುಡುಗರು ಸಿಳ್ಳೆ ಹಾಕುತ್ತಾರೆ. ಹಳೆಯ ವಸ್ತಾದ ಮಾತ್ರ ಅವನ ಕಾಲು ಎಲ್ಲಿದೆ ಅಂತ ನೋಡುತ್ತಿರುತ್ತಾನೆ.

ಅಣ್ವಸ್ತ್ರದ ವಿಷಯದಲ್ಲಿ ಹಾಗೆ ಕಾಲು ನೋಡುವುದು ಅಂದರೆ ಏನು? ಸಿಡಿತಲೆ ಗೋದಾಮಿನಲ್ಲಿದೆಯೋ, ಕ್ಷಿಪಣಿಯ ಮೇಲೆ ಕೂತಿದೆಯೋ ಅಂತ ನೋಡುವುದು. ಎಚ್ಚರಿಕೆಯ ಗಂಟೆ ಬಾರಿಸಿದರೆ ನಿರ್ಧಾರ ಮಾಡುವವನಿಗೆ ಎಷ್ಟು ನಿಮಿಷ ಸಿಗುತ್ತದೆ ಅಂತ ನೋಡುವುದು. ಇನ್ನೊಂದು ಕಡೆಗೆ ಫೋನ್ ಹೋಗುತ್ತದೋ ಇಲ್ಲವೋ ಅಂತ ನೋಡುವುದು. ಸ್ವೀಡನ್ನಿನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿಯ ಅಂದಾಜಿನಂತೆ 2025ರ ಜನವರಿಯಲ್ಲಿ ಜಗತ್ತಿನಲ್ಲಿ ಒಟ್ಟು 12,241 ಸಿಡಿತಲೆಗಳಿದ್ದವು. ಎಲ್ಲರೂ ಹೇಳುವುದು ಈ ಸಂಖ್ಯೆಯನ್ನೇ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಅದರೊಳಗಿನ ಇನ್ನೊಂದು ಸಂಖ್ಯೆ. ಸುಮಾರು 2,100 ಸಿಡಿತಲೆಗಳು ಕ್ಷಿಪಣಿಗಳ ಮೇಲೆ ಕೂತು, ಹೇಳಿದ ಕೂಡಲೇ ಹೊರಡುವ ಸ್ಥಿತಿಯಲ್ಲಿವೆ. ಹೆಚ್ಚುಕಡಿಮೆ ಎಲ್ಲವೂ ಅಮೆರಿಕ ಮತ್ತು ರಷ್ಯಾದವು.

'ನೀನು ಹೊಡೆದರೆ ನಾನು ಸತ್ತರೂ ನಿನ್ನನ್ನು ಬಿಡೋದಿಲ್ಲ' ಅನ್ನುವುದೇ ಅಣ್ವಸ್ತ್ರ ತಡೆಯ ಲೆಕ್ಕ. ಮೊದಲ ಏಟು ತಿಂದ ಮೇಲೂ ತಿರುಗಿ ಹೊಡೆಯುವ ಶಕ್ತಿ ಉಳಿದಿದೆ ಅಂತ ಎದುರಾಳಿ ನಂಬಿದರೆ ಅವನು ಸುಮ್ನೆ ಇರುತ್ತಾನೆ. ಸಬ್‌ಮರೀನ್‌ಗಳನ್ನು ಬಚ್ಚಿಡುವುದು ಇದಕ್ಕೇ. ಈ ಲೆಕ್ಕ ಕೆಲಸ ಮಾಡಿದೆ ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಎದುರಾಳಿಗೆ ಕಾಣುತ್ತಿರುವುದು ಸರಿಯಾಗಿ ಕಾಣುತ್ತಿದೆ ಅಂತ ಇದು ನಂಬಿ ಕೂತಿದೆಯಲ್ಲ, ರಾಡಾರ್ ಕೆಲಸ ಮಾಡಿದವನಿಗೆ ಅಲ್ಲೇ ಹೊಟ್ಟೆಯಲ್ಲಿ ಕಸಿವಿಸಿ.

ರಾಡಾರ್ ಅಲೆ ಕಳಿಸುತ್ತದೆ, ಅದು ಏನಕ್ಕಾದರೂ ತಾಗಿ ವಾಪಸ್ ಬರುವ ಹೊತ್ತನ್ನು ಅಳೆಯುತ್ತದೆ. ಬಂದ ಸಿಗ್ನಲ್ ಮೇಲೆ ವಿಮಾನ ಅಂತಲೋ ಹಕ್ಕಿ ಅಂತಲೋ ಬರೆದಿರುವುದಿಲ್ಲ. ಚಳಿಗಾಲದ ಬೆಳಗಿನ ಜಾವ ನೆಲದ ಹತ್ತಿರ ತಣ್ಣನೆ ಗಾಳಿ, ಮೇಲೆ ಬೆಚ್ಚನೆ ಗಾಳಿ ಇದ್ದರೆ ಅಲೆ ಬಾಗಿ, ಸಾಮಾನ್ಯವಾಗಿ ಕಾಣದ ದೂರದ ಗುಡ್ಡಗಳೂ ರಾಡಾರ್ ಪರದೆಯ ಮೇಲೆ ಚುಕ್ಕೆಯಾಗಿ ಮೂಡುತ್ತವೆ. ಸಂಜೆ ಹಕ್ಕಿಗಳ ಹಿಂಡು ಹೊರಟರೆ ಅದೂ ಚುಕ್ಕೆಯೇ. ಹೊಸದಾಗಿ ಬಂದ ಹುಡುಗ ಗಾಬರಿಯಾಗಿ ರಿಪೋರ್ಟ್ ಮಾಡುತ್ತಾನೆ. ಹಳಬ ಇನ್ನೆರಡು ಸುತ್ತು ಆಂಟೆನಾ ತಿರುಗಲಿ ಅಂತ ಕಾಯುತ್ತಾನೆ. ಚುಕ್ಕೆ ಸರಿಯುತ್ತಿದೆಯಾ, ಎಷ್ಟು ವೇಗ, ಯಾವ ಎತ್ತರ? ಕಾಯಲು ಹೊತ್ತಿದ್ದರೆ ತಪ್ಪು ತಾನಾಗಿ ಬಯಲಾಗುತ್ತದೆ.

1960ರ ಅಕ್ಟೋಬರ್ 5ರಂದು ಗ್ರೀನ್‌ಲ್ಯಾಂಡಿನ ಥೂಲೆಯಲ್ಲಿದ್ದ ಅಮೆರಿಕದ ಹೊಸ ರಾಡಾರ್, ಸೋವಿಯತ್ ಕ್ಷಿಪಣಿಗಳು ಬರುತ್ತಿವೆ ಅಂತ ಸೂಚನೆ ಕೊಟ್ಟಿತು. ಅದು ಕಂಡಿದ್ದು ನಾರ್ವೆಯ ಮೇಲೆ ಏಳುತ್ತಿದ್ದ ಚಂದ್ರನನ್ನು. ರಾಡಾರ್ ಎಷ್ಟು ಬಲವಾಗಿತ್ತೆಂದರೆ ಅದರ ಅಲೆ ಚಂದ್ರನಿಗೆ ತಾಗಿ ಎರಡೂವರೆ ಸೆಕೆಂಡಿನಲ್ಲಿ ವಾಪಸ್ ಬಂತು. ಅಷ್ಟು ದೂರದಿಂದ ಉತ್ತರ ಬರಬಹುದು ಅಂತ ಕಂಪ್ಯೂಟರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಂದು ಕಮಾಂಡ್ ಕೇಂದ್ರದಲ್ಲಿದ್ದವರು ಕೇಳಿಕೊಂಡ ಪ್ರಶ್ನೆ ನನಗೆ ಬಹಳ ಇಷ್ಟ: ಈಗ ಕ್ರುಶ್ಚೇವ್ ಎಲ್ಲಿದ್ದಾರೆ? ಆ ಸೋವಿಯತ್ ನಾಯಕ ನ್ಯೂಯಾರ್ಕಿನಲ್ಲೇ ವಿಶ್ವಸಂಸ್ಥೆಯ ಸಭೆಗೆ ಬಂದಿದ್ದರು. ತಾನೇ ಕೂತಿರುವ ಊರಿನ ಮೇಲೆ ಯಾರಾದರೂ ಬಾಂಬ್ ಹಾಕಿಸುತ್ತಾರಾ? 1983ರಲ್ಲಿ ಸೋವಿಯತ್ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಕೂಡ ಹೀಗೇ ಯೋಚಿಸಿದರು. ಐದೇ ಕ್ಷಿಪಣಿಯಿಂದ ಯಾರೂ ಯುದ್ಧ ಶುರು ಮಾಡುವುದಿಲ್ಲ ಅಂತ ಉಪಗ್ರಹದ ಎಚ್ಚರಿಕೆಯನ್ನು ನಂಬಲಿಲ್ಲ. ಮೋಡದ ಮೇಲಿನ ಬಿಸಿಲು ಉಪಗ್ರಹಕ್ಕೆ ಮೋಸ ಮಾಡಿತ್ತು.

ಇಬ್ಬರಿಗೂ ಯೋಚಿಸಲು ಹೊತ್ತು ಸಿಕ್ಕಿದ್ದು ಭೂಗೋಳದ ದಯೆಯಿಂದ. ರಷ್ಯಾ ಮತ್ತು ಅಮೆರಿಕದ ನೆಲದ ಮೇಲಿಂದ ಹೊರಟ ಕ್ಷಿಪಣಿ ಇನ್ನೊಂದು ತುದಿ ಮುಟ್ಟಲು ಸುಮಾರು 30 ನಿಮಿಷ ಬೇಕು. ನಮ್ಮ ಉಪಖಂಡದಲ್ಲಿ ಆ ದಯೆ ಇಲ್ಲ.

2022ರ ಮಾರ್ಚ್ 9ರ ಸಂಜೆ ನಮ್ಮದೇ ಬ್ರಹ್ಮೋಸ್ ಕ್ಷಿಪಣಿಯೊಂದು ಅಕಸ್ಮಾತ್ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಹತ್ತಿರ ಬಿತ್ತು. ಅದರಲ್ಲಿ ಸಿಡಿತಲೆ ಇರಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಪಾಕಿಸ್ತಾನ ಸೇನೆ ಹೇಳಿದ ಪ್ರಕಾರ ಅದು 40,000 ಅಡಿ ಎತ್ತರದಲ್ಲಿ, ಶಬ್ದಕ್ಕಿಂತ ಎರಡೂವರೆ ಪಟ್ಟು ಮೀರಿದ ವೇಗದಲ್ಲಿ ಬಂತು. ಅವರ ನೆಲದ ಒಳಗೆ 124 ಕಿಲೋಮೀಟರ್ ಹೋಯಿತು. ಅದಕ್ಕೆ ಹಿಡಿದ ಸಮಯ 3 ನಿಮಿಷ 44 ಸೆಕೆಂಡ್.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ಕಡೆಯ ರಾಡಾರ್ ಮುಂದೆ ಕೂತವನು ಮೊದಲು ಕಂಡಿದ್ದು ಭಾರತದೊಳಗೆ ನೈಋತ್ಯ ದಿಕ್ಕಿಗೆ ಸಾಗುವ ಒಂದು ಟ್ರ್ಯಾಕ್. ಗಡಿಯ ಹತ್ತಿರ ದಿನಾ ಇಂಥವು ಹತ್ತಾರು. ಆಮೇಲೆ ಅದು ಥಟ್ಟನೆ ಬಲಕ್ಕೆ ತಿರುಗಿ ಅವನ ಕಡೆ ಬರಲು ಶುರು ಮಾಡಿತು. ಪರೀಕ್ಷೆ ಅನ್ನೋಣವೆಂದರೆ ಮುಂಚೆ ತಿಳಿಸಿಲ್ಲ. ದಾಳಿ ಅನ್ನೋಣವೆಂದರೆ ಒಂದೇ ಇದೆ. ಮೇಲಿನವರಿಗೆ ಫೋನ್ ಮಾಡಬೇಕು, ಅವರು ಅವರ ಮೇಲಿನವರಿಗೆ. ನಾಲ್ಕು ನಿಮಿಷದೊಳಗೆ ಇದೆಲ್ಲ ಆಗಬೇಕು. ಕೊನೆಗೆ ಅದು ಬಿದ್ದೇ ಹೋಯಿತು, ಪ್ರಶ್ನೆ ತಾನಾಗಿ ಮುಗಿಯಿತು. ಭಾರತ ಇದು ತಾಂತ್ರಿಕ ದೋಷದಿಂದ ಆದ ಆಕಸ್ಮಿಕ ಅಂತ ಒಪ್ಪಿಕೊಂಡಿದ್ದು ಎರಡು ದಿನದ ಮೇಲೆ, ಮಾರ್ಚ್ 11ರಂದು. ಆಗಸ್ಟಿನಲ್ಲಿ ವಾಯುಪಡೆಯ ಮೂವರು ಅಧಿಕಾರಿಗಳನ್ನು ಸೇವೆಯಿಂದ ವಜಾ ಮಾಡಿತು. ಶಿಕ್ಷೆ ಆಗಬೇಕಿತ್ತು, ಆಯಿತು. ಆದರೆ ಆ ಎರಡು ದಿನದ ಮೌನ ನನಗೆ ಇವತ್ತಿಗೂ ಜೀರ್ಣವಾಗಿಲ್ಲ. ಅದೃಷ್ಟಕ್ಕೆ ಅದು ಶಾಂತಿ ಕಾಲ. 2025ರ ಮೇ ತಿಂಗಳಲ್ಲಿ ಭಾರತ, ಪಾಕಿಸ್ತಾನ ಕಾದಾಡಿದ ಆ ನಾಲ್ಕು ದಿನಗಳಲ್ಲಿ ಇದೇ ಆಗಿದ್ದರೆ?

ಈಗ ಇದರ ಪಕ್ಕದಲ್ಲಿ ರಷ್ಯಾದ ನಡೆ ಇಟ್ಟು ನೋಡಿ. 2024ರ ನವೆಂಬರ್ 19ರಂದು ಪುಟಿನ್ ತಮ್ಮ ಅಣ್ವಸ್ತ್ರ ನೀತಿಯನ್ನು ಇನ್ನೂ ಸಡಿಲ ಮಾಡಿದರು. ಎರಡೇ ದಿನಕ್ಕೆ ಒರೆಶ್ನಿಕ್ ಅನ್ನುವ ಹೊಸ ಕ್ಷಿಪಣಿಯನ್ನು ಉಕ್ರೇನಿನ ಡ್ನಿಪ್ರೊ ನಗರದ ಮೇಲೆ ಹಾರಿಸಿದರು. ಅದು ಅಣು ಸಿಡಿತಲೆಯನ್ನೂ ಹೊರಬಲ್ಲದು. ಭಾಷಣ ಕೇಳಿದವರಿಗೆ ಲೋಕವೇ ಮುಗಿಯಿತು ಅನಿಸಿತು. ಆದರೆ ಅದು ಹಾರುವ ಸುಮಾರು ಅರ್ಧ ಗಂಟೆ ಮೊದಲು ರಷ್ಯಾ ಅಮೆರಿಕಕ್ಕೆ ಮಾಹಿತಿ ಕಳಿಸಿತ್ತು. ಇಂಥ ತಪ್ಪು ತಿಳಿವಳಿಕೆ ತಡೆಯಲೆಂದೇ ಎರಡೂ ದೇಶಗಳು ಇಟ್ಟುಕೊಂಡ ಕೇಂದ್ರಗಳಿವೆ, ಅದರ ಮೂಲಕ. ಟಿವಿಗೆ ಒಂದು ಮಾತು, ತಂತಿಯ ಮೇಲೆ ಇನ್ನೊಂದು. ನನಗೆ ಪುಟಿನ್ ಮೇಲೆ ಯಾವ ಪ್ರೀತಿಯೂ ಇಲ್ಲ. ಆದರೂ ಬೆದರಿಸುವವನು ಮುಂಚೆ ತಿಳಿಸಿ ಹಾರಿಸಿದ, ಬೆದರಿಸುವ ಉದ್ದೇಶವೇ ಇಲ್ಲದ ನಾವು ಹಾರಿಸಿ ಎರಡು ದಿನ ಬಿಟ್ಟು ಹೇಳಿದೆವು.

ಹಾಗಂತ ದೊಡ್ಡವರ ಮನೆಯಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಅಮೆರಿಕ ಮತ್ತು ರಷ್ಯಾ ನಡುವೆ 2010ರಲ್ಲಿ ಆದ ನ್ಯೂ ಸ್ಟಾರ್ಟ್ ಒಪ್ಪಂದದಲ್ಲಿ ನಿಯೋಜಿಸಿದ ದೀರ್ಘ ದೂರದ ಸಿಡಿತಲೆಗಳಿಗೆ 1,550ರ ಮಿತಿ ಇತ್ತು. ಪತ್ರಿಕೆಗಳು ಬರೆದದ್ದು ಆ ಮಿತಿಯ ಬಗ್ಗೆ. ಅದರ ನಿಜವಾದ ಬೆಲೆ ಇದ್ದದ್ದು ವರ್ಷಕ್ಕೆ 18 ಸಲ ಒಬ್ಬರ ನೆಲೆಗೆ ಇನ್ನೊಬ್ಬರು ಹೋಗಿ ಕಣ್ಣಾರೆ ನೋಡಿ ಬರುವ ಅವಕಾಶದಲ್ಲಿ. ಕೋವಿಡ್ ಬಂದು 2020ರಲ್ಲಿ ಆ ಓಡಾಟ ನಿಂತಿತು, ಮತ್ತೆ ಶುರುವಾಗಲೇ ಇಲ್ಲ. 2023ರ ಫೆಬ್ರವರಿಯಲ್ಲಿ ಪುಟಿನ್ ಒಪ್ಪಂದವನ್ನು ಅಮಾನತಿನಲ್ಲಿಟ್ಟರು. 2026ರ ಫೆಬ್ರವರಿ 5ಕ್ಕೆ ಗಡುವೂ ಮುಗಿಯಿತು. ಕಣ್ಣಾರೆ ನೋಡುವುದು ನಿಂತರೆ ಸೇನೆಯವರು ಊಹೆ ಮಾಡುತ್ತಾರೆ, ಊಹೆ ಯಾವಾಗಲೂ ಜಾಸ್ತಿ ಕಡೆಗೇ ವಾಲುತ್ತದೆ. ಚೀನಾದ ಬಗ್ಗೆ ಈಗ ಆಗುತ್ತಿರುವುದೂ ಇದೇ. 2025ರ ಜನವರಿಯಲ್ಲಿ ಅದರ ಹತ್ತಿರ 600 ಸಿಡಿತಲೆಗಳಾದರೂ ಇದ್ದವು ಅಂತ ಸಿಪ್ರಿ ಅಂದಾಜು. ಒಳಗೆ ಹೋಗಿ ಎಣಿಸಲು ಯಾವ ಒಪ್ಪಂದವೂ ಇಲ್ಲ.

ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಕೇಳಿದಳು: "ಸರ, ನಾವು ಮೊದಲ ಹಾಕೂದಿಲ್ಲ ಅಂತ ಹೇಳೇವಲ್ರಿ. ಮತ್ತ ನಮಗ್ಯಾಕ ಚಿಂತಿ?"

ಹೌದು, 2003ರ ಜನವರಿ 4ರಂದು ಕೇಂದ್ರ ಸರ್ಕಾರ ಪ್ರಕಟಿಸಿದ ನೀತಿಯಲ್ಲಿ ಅದಿದೆ. ಪಾಕಿಸ್ತಾನ ಹಾಗೆ ಮಾತು ಕೊಟ್ಟಿಲ್ಲ. 2011ರಲ್ಲಿ ಅದು 60 ಕಿಲೋಮೀಟರ್ ಹಾರುವ ನಸ್ರ್ ಕ್ಷಿಪಣಿಯನ್ನು ಮೊದಲ ಸಲ ಪರೀಕ್ಷಿಸಿತು. ಅಷ್ಟು ಗಿಡ್ಡ ಕ್ಷಿಪಣಿ ಕೆಲಸಕ್ಕೆ ಬರುವುದು ರಣರಂಗದಲ್ಲಿ, ನಮ್ಮ ಟ್ಯಾಂಕುಗಳ ಮೇಲೆ. ನಮ್ಮ ಮಾತಿಗೆ ಇಷ್ಟು ದಿನ ಇನ್ನೊಂದು ಬೆಂಬಲವೂ ಇತ್ತು. ಶಾಂತಿ ಕಾಲದಲ್ಲಿ ಭಾರತ ಸಿಡಿತಲೆಯನ್ನು ಒಂದು ಕಡೆ, ಕ್ಷಿಪಣಿಯನ್ನು ಇನ್ನೊಂದು ಕಡೆ ಇಡುತ್ತದೆ ಅಂತ ತಜ್ಞರು ನಂಬಿದ್ದರು. ಜೋಡಿಸಲು ಹೊತ್ತು ಹಿಡಿಯುತ್ತದೆ, ಆ ಹೊತ್ತೇ ಕಾವಲು. ಈಗ ಅಗ್ನಿ-5 ಮುಚ್ಚಿದ ಕ್ಯಾನಿಸ್ಟರಿನಲ್ಲಿ, ಅಂದರೆ ಸಿಡಿತಲೆ ಜೋಡಿಸಿಯೇ ಇಡಬಹುದಾದ ಕೊಳವೆಯಲ್ಲಿ ಬರುತ್ತದೆ. ಅರಿಹಂತ್, ಅರಿಘಾತ್ ಸಬ್‌ಮರೀನ್‌ಗಳಿವೆ. ಸಮುದ್ರದ ಅಡಿಗೆ ಹೋದ ಮೇಲೆ ಸಿಡಿತಲೆ ತರಲು ವಿಶಾಖಪಟ್ಟಣಕ್ಕೆ ವಾಪಸ್ ಬರಲು ಆಗುತ್ತದಾ? ಹಾಗಾಗಿ ನಾವೂ ಕೆಲವನ್ನು ಜೋಡಿಸಿಯೇ ಇಡುತ್ತಿರಬಹುದು ಅಂತ ಸಿಪ್ರಿ ಈಗ ಬರೆಯುತ್ತಿದೆ. ಸಬ್‌ಮರೀನ್ ಬೇಡ ಅಂತ ನಾನು ಹೇಳುತ್ತಿಲ್ಲ. ತಿರುಗಿ ಹೊಡೆಯುವ ಶಕ್ತಿ ಉಳಿಯಬೇಕಾದರೆ ಅದು ಬೇಕೇ ಬೇಕು. ಆದರೆ ಕೈಯಲ್ಲಿದ್ದ ಹೊತ್ತು ಕಡಿಮೆಯಾಯಿತು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಭಾರತ ಮತ್ತು ಪಾಕಿಸ್ತಾನದ ನಡುವೆ ಬಾಗಿಲು ಪೂರ್ತಿ ಮುಚ್ಚಿಲ್ಲ. 1988ರ ಒಪ್ಪಂದದಂತೆ ಪ್ರತಿ ವರ್ಷ ಜನವರಿ 1ಕ್ಕೆ ತಮ್ಮ ತಮ್ಮ ಅಣು ಸ್ಥಾವರಗಳ ಪಟ್ಟಿಯನ್ನು ಕೊಟ್ಟು ತೆಗೆದುಕೊಳ್ಳುತ್ತಾರೆ. ಅವುಗಳ ಮೇಲೆ ದಾಳಿ ಮಾಡುವುದಿಲ್ಲ ಅನ್ನುವುದು ಕರಾರು. 1992ರಲ್ಲಿ ಶುರುವಾಗಿದ್ದು ಕಾರ್ಗಿಲ್ ಬಂದರೂ, ಬಾಲಾಕೋಟ್ ಆದರೂ ನಿಲ್ಲಲಿಲ್ಲ. 2005ರಲ್ಲಿ ಇನ್ನೊಂದು ಒಪ್ಪಂದ ಆಯಿತು. ಬ್ಯಾಲಿಸ್ಟಿಕ್ ಕ್ಷಿಪಣಿ (ಎಸೆದ ಕಲ್ಲಿನಂತೆ ಮೇಲೇರಿ ಕೆಳಗೆ ಬೀಳುವಂಥದ್ದು) ಪರೀಕ್ಷೆಗೆ ಮೂರು ದಿನ ಮುಂಚೆಯಾದರೂ ತಿಳಿಸಬೇಕು, ಗಡಿಯಿಂದ 40 ಕಿಲೋಮೀಟರ್ ಒಳಗೆ ಉಡಾವಣೆ ಜಾಗ ಇರಬಾರದು. ಇವೆರಡೂ ಟಿವಿಯಲ್ಲಿ ಹತ್ತು ಸೆಕೆಂಡ್ ಬಂದರೆ ಹೆಚ್ಚು.

2024ರ ನವೆಂಬರಿನಲ್ಲಿ ಪೆರು ದೇಶದ ಲಿಮಾದಲ್ಲಿ ಬೈಡನ್ ಮತ್ತು ಷಿ ಜಿನ್‌ಪಿಂಗ್ ಭೇಟಿಯಾದಾಗ, ಅಣ್ವಸ್ತ್ರ ಬಳಸುವ ನಿರ್ಧಾರ ಮನುಷ್ಯನ ಕೈಯಲ್ಲೇ ಇರಬೇಕು, ಎಐ ಕೈಗೆ ಹೋಗಬಾರದು ಅಂತ ಒಪ್ಪಿಕೊಂಡರು. ಒಳ್ಳೆಯದೇ. ಆದರೆ ಮನುಷ್ಯನ ಕೈಗೆ ನಾಲ್ಕೇ ನಿಮಿಷ ಕೊಟ್ಟರೆ ಅವನು ಯಂತ್ರ ತೋರಿಸಿದ್ದಕ್ಕೆ ಹೂಂ ಅನ್ನುವುದು ಬಿಟ್ಟು ಇನ್ನೇನು ಮಾಡಿಯಾನು? ಅದಕ್ಕೇ ನನ್ನ ಆಸೆ ಬಹಳ ಸಣ್ಣದು. 2005ರ ಒಪ್ಪಂದ ಬ್ಯಾಲಿಸ್ಟಿಕ್ ಕ್ಷಿಪಣಿಗಳಿಗೆ ಮಾತ್ರ ಅನ್ವಯಿಸುತ್ತದೆ. ವಿಮಾನದ ಹಾಗೆ ಹಾರುವ ಕ್ರೂಸ್ ಕ್ಷಿಪಣಿಗಳು ಅದರಲ್ಲಿಲ್ಲ, ಬ್ರಹ್ಮೋಸ್ ಕ್ರೂಸ್ ಕ್ಷಿಪಣಿ. ಅವನ್ನೂ ಸೇರಿಸಬೇಕು. ಅಕಸ್ಮಾತ್ ಹಾರಿದ್ದನ್ನು ಕೂಡಲೇ ತಿಳಿಸುವುದಕ್ಕೂ ಒಂದು ಸಾಲು ಬೇಕು. ಎರಡು ಕಡೆಯ ಸೇನಾ ಕಾರ್ಯಾಚರಣೆ ಮುಖ್ಯಸ್ಥರ ನಡುವೆ ಹಾಟ್‌ಲೈನ್ ಈಗಾಗಲೇ ಇದೆ, 2025ರ ಮೇ 10ರಂದು ಗುಂಡಿನ ಸದ್ದು ನಿಲ್ಲಿಸಲು ಮಾತಾಡಿದ್ದು ಆ ಇಬ್ಬರೇ. ಹೊಸ ತಂತಿ ಎಳೆಯುವ ಖರ್ಚೂ ಇಲ್ಲ.