ಶ್ರೀರಂಗಪಟ್ಟಣದಲ್ಲಿ ಹೊಳೆ ಪಕ್ಕದ ಹಳೇ ಮನೆ: ಕೊಳ್ಳಬಹುದಾ?

ಪ್ರಶ್ನೆ: ಬೆಂಗಳೂರಿನಲ್ಲಿದ್ದೇವೆ. ಮುಂದಿನ ವರ್ಷ ನನಗೆ ರಿಟೈರ್‌ಮೆಂಟ್. ಶ್ರೀರಂಗಪಟ್ಟಣದ ಕೋಟೆಯೊಳಗೆ ಒಂದು ಹಳೇ ಹೆಂಚಿನ ಮನೆ ಮಾರಾಟಕ್ಕಿದೆ. ಕಾವೇರಿ ಹತ್ತಿರದಲ್ಲೇ ಇದೆ. ಆ ಮನೆ ಕೆಡವಿ, ಚಿಕ್ಕದಾಗಿ ಮಹಡಿ ಮನೆ ಕಟ್ಟಿಕೊಂಡು ನಾನೂ ನನ್ನ ಹೆಂಡತಿಯೂ ಅಲ್ಲೇ ಇದ್ದುಬಿಡೋಣ ಅಂತ ಆಸೆ. ಏನೇನು ನೋಡಿಕೊಳ್ಳಬೇಕು?

ಉತ್ತರ: ‘ಕೆಡವಿ’ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಬೇರೆ ಊರಲ್ಲಾದರೆ ಇದು ದೊಡ್ಡ ಮಾತಲ್ಲ. ಪಟ್ಟಣದ ಕೋಟೆಯೊಳಗೆ ನಿಮ್ಮ ಲೆಕ್ಕಾಚಾರವೆಲ್ಲ ತಲೆಕೆಳಗಾಗುವುದು ಇಲ್ಲೇ.

ಕಾವೇರಿ ನಡುವಿನ ಈ ದ್ವೀಪದ ತುಂಬ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಿವೆ. ರಂಗನಾಥಸ್ವಾಮಿ ದೇವಸ್ಥಾನ, ಜಾಮಿಯಾ ಮಸೀದಿ, ಕರ್ನಲ್ ಬೈಲಿ ಸೆರೆಮನೆ, ಟಿಪ್ಪುವಿನ ದೇಹ ಸಿಕ್ಕ ಜಾಗ. ಪೂರ್ವದ ಕಡೆ ಹೋದರೆ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್, ಅವನ ಸಮಾಧಿ ಇರುವ ಗುಂಬಜ್. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ಸಂರಕ್ಷಿತ ಜಾಗದಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿಂದಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ದೂರ ಅಳೆಯುವಾಗ ಜನ ಎಡವುತ್ತಾರೆ. ಗೋಪುರದಿಂದಲೋ ಗುಮ್ಮಟದಿಂದಲೋ ಟೇಪ್ ಹಿಡಿಯುವುದಲ್ಲ. ಇಲಾಖೆ ಗುರುತಿಸಿದ ಸಂರಕ್ಷಿತ ಜಾಗದ ಗಡಿಯಿಂದ ಲೆಕ್ಕ. ಇಷ್ಟು ಚಿಕ್ಕ ಕೋಟೆಯೊಳಗೆ ಇಷ್ಟೊಂದು ಸ್ಮಾರಕ ಇರುವಾಗ, ಯಾವುದೋ ಒಂದರ ವ್ಯಾಪ್ತಿಗೆ ನಿಮ್ಮ ಮನೆ ಬರುವ ಸಾಧ್ಯತೆಯೇ ಜಾಸ್ತಿ.

ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಇರುವ ಮನೆಗೆ ಮಹಡಿ ಏರಿಸುವಂತಿಲ್ಲ, ಪಕ್ಕಕ್ಕೆ ಒಂದು ರೂಮು ಚಾಚುವಂತೆಯೂ ಇಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯಾದರೆ ರಿಪೇರಿಗೆ, ನವೀಕರಣಕ್ಕೆ ಅನುಮತಿ ಕೇಳಬಹುದು. ಆದರೆ ರಿಪೇರಿ ಅಂದರೆ ರಿಪೇರಿಯೇ. ಪೂರ್ತಿ ಕೆಡವಿ ಮತ್ತೆ ಎಬ್ಬಿಸುವುದನ್ನು ಕಾಯ್ದೆ ಅದರೊಳಗೆ ಸೇರಿಸಿಲ್ಲ. ನಿಯಂತ್ರಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟುವುದಕ್ಕೂ ಕೆಡವಿ ಕಟ್ಟುವುದಕ್ಕೂ ದಾರಿ ಇದೆ, ಆದರೆ ಮೊದಲೇ ಅನುಮತಿ ಬೇಕು. ಮೀರಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

‘ಪಕ್ಕದ ಬೀದಿಯವರು ಕಟ್ಟಿದ್ದಾರಲ್ಲ ಸಾರ್, ಯಾರು ಕೇಳ್ತಾರೆ?’ ಅಂತ ಬ್ರೋಕರ್ ಹೇಳಬಹುದು. ಅವರು ಯಾವ ಕಾಲದಲ್ಲಿ, ಯಾವ ಅನುಮತಿ ಮೇಲೆ ಕಟ್ಟಿದರೋ ಯಾರಿಗೆ ಗೊತ್ತು? ನೋಟಿಸ್ ಬಂದರೆ ನಿಮ್ಮ ಹೆಸರಿಗೇ ಬರುತ್ತದೆ. ಅಡ್ವಾನ್ಸ್ ಕೊಡುವ ಮೊದಲೇ ಆ ಸರ್ವೆ ನಂಬರು ಯಾವ ವ್ಯಾಪ್ತಿಯಲ್ಲಿದೆ ಅಂತ ಪುರಾತತ್ವ ಇಲಾಖೆಯಿಂದ ಬರವಣಿಗೆಯಲ್ಲಿ ಪಡೆಯಿರಿ. ಪುರಸಭೆ ಗುಮಾಸ್ತರ ಬಾಯಿಮಾತು ಸಾಲದು.

ಹಾಗಂತ ಹಳೇ ಮನೆ ಬೇಡವೇ ಬೇಡ ಅನ್ನುತ್ತಿಲ್ಲ. ಇದ್ದ ಹಾಗೇ ಇರಲು ನೀವು ತಯಾರಿದ್ದರೆ ಚೆನ್ನಾಗಿಯೇ ಇರುತ್ತದೆ. ಆಗ ತೊಲೆ, ಜಂತೆಗಳಿಗೆ ಗೆದ್ದಲು ಹಿಡಿದಿದೆಯಾ, ಮಣ್ಣಿನ ಗೋಡೆ ಬುಡದಲ್ಲಿ ತೇವ ಏರಿದೆಯಾ ಅಂತ ಒಬ್ಬ ಹಳೇ ಬಡಗಿ, ಒಬ್ಬ ಗಾರೆ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ತೋರಿಸಿ.

ಈಗ ಹೊಳೆ ವಿಷಯ. ಪಟ್ಟಣದ ಸ್ವಲ್ಪ ಮೇಲೆಯೇ ಕೆಆರ್‌ಎಸ್ ಇದೆ. ಅದರ ಗರಿಷ್ಠ ಮಟ್ಟ 124.80 ಅಡಿ. ಅಣೆಕಟ್ಟು ತುಂಬಿದ ಮೇಲೆ ಒಳಹರಿವು ಜೋರಾದರೆ ಗೇಟು ತೆಗೆಯಲೇಬೇಕು. ಹಾಗಾಗಿ ಪಟ್ಟಣದಲ್ಲಿ ಒಂದು ಹನಿ ಬೀಳದಿದ್ದರೂ ಕೊಡಗಿನಲ್ಲಿ, ಹೇಮಾವತಿ ಕಡೆ ಸುರಿದರೆ ಇಲ್ಲಿ ಹೊಳೆ ಏರುತ್ತದೆ. 2019ರ ಆಗಸ್ಟ್‌ನಲ್ಲಿ, ಮತ್ತೆ 2024ರಲ್ಲಿ ಲಕ್ಷ ಕ್ಯೂಸೆಕ್‌ಗೂ ಜಾಸ್ತಿ ನೀರು ಬಿಟ್ಟಾಗ ಸ್ನಾನಘಟ್ಟಗಳು ಮುಳುಗಿದವು. ದಿವಾನ್ ಪೂರ್ಣಯ್ಯನವರ ಕಾಲದ, 1804ರ ವೆಲ್ಲೆಸ್ಲಿ ಸೇತುವೆಯ ಮೇಲೆ ಓಡಾಟ ನಿಲ್ಲಿಸಬೇಕಾಯಿತು. ಇದರ ನಡುವೆ 2023 ಬಂತು. ಆ ವರ್ಷ ಮಳೆ ಕೈಕೊಟ್ಟಿತು, ಕಾವೇರಿ ನೀರಿಗಾಗಿ ಮಂಡ್ಯದ ರೈತರು ರಸ್ತೆಗಿಳಿದರು, ಬಂದ್‌ಗಳೂ ಆದವು. ಅಂದರೆ ನಿಮ್ಮ ಕಿಟಕಿಯ ಹೊಳೆ ಒಂದು ವರ್ಷ ಕೆಂಪಗೆ ಮೊರೆಯುತ್ತದೆ, ಇನ್ನೊಂದು ವರ್ಷ ಬರೀ ಬಂಡೆ ತೋರಿಸುತ್ತದೆ.

ಮನೆಯೊಳಗೆ ನೀರು ಬರುತ್ತದಾ ಅನ್ನುವುದನ್ನು ಮಾರುವವರನ್ನು ಕೇಳಬೇಡಿ. ಅದೇ ಬೀದಿಯ ಅಂಗಡಿಯವರನ್ನು, ಅಲ್ಲೇ ಹುಟ್ಟಿ ಬೆಳೆದ ಅಜ್ಜಿಯರನ್ನು ಕೇಳಿ. ‘2019ರಲ್ಲಿ ಎಲ್ಲೀತನಕ ಬಂದಿತ್ತು ತಾಯಿ?’ ಅಂದರೆ ಗೋಡೆ ಮುಟ್ಟಿ ತೋರಿಸುತ್ತಾರೆ. ಚರಂಡಿಯ ಕಡೆಯೂ ಕಣ್ಣಿರಲಿ. ಹೊಳೆ ತುಂಬಿದಾಗ ಚರಂಡಿ ನೀರು ಹಿಂದಕ್ಕೆ ಒತ್ತಿಕೊಂಡು ಬರುವ ತಗ್ಗು ಜಾಗಗಳಿರುತ್ತವೆ. ದಂಡೆ ಪಕ್ಕದ ಖಾಲಿ ನಿವೇಶನವಾದರೆ ಇನ್ನೆರಡು ಕೇಳಿ: ನದಿಯಿಂದ ಎಷ್ಟು ದೂರ ಬಿಡಬೇಕು, ಅದರೊಳಗೆ ಬಿ ಖರಾಬು ಎಷ್ಟಿದೆ. ಬಿ ಖರಾಬು ಅಂದರೆ ದಾರಿ, ಹಳ್ಳದಂಥ ಬಳಕೆಗೆ ಬಿಟ್ಟ ಜಾಗ, ಸಾರ್ವಜನಿಕರದ್ದು. ಅದನ್ನು ಸೇರಿಸಿ ಬೇಲಿ ಹಾಕಿ ಮಾರುವವರಿದ್ದಾರೆ.

ಇನ್ನು ಸೊಳ್ಳೆ. ನಗಬೇಡಿ. 1799ರಲ್ಲಿ ಈ ಕೋಟೆ ಗೆದ್ದ ಬ್ರಿಟಿಷರು ಇಲ್ಲಿಯ ಜ್ವರ ತಾಳಲಾರದೆ 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದು ಹಾಗೆ. ಈಗ ಆ ಕಾಲದಷ್ಟು ಕಷ್ಟವಿಲ್ಲ, ಆದರೂ ಸುತ್ತ ಹೊಳೆ, ನಾಲೆ, ಗದ್ದೆ, ಕಬ್ಬು. ಕಿಟಕಿಗೆಲ್ಲ ಜಾಲರಿ ಹಾಕಿಸುವ ಖರ್ಚು ಸೇರಿಸಿಕೊಳ್ಳಿ.

ದಾಖಲೆಗಳ ಮಾತು ಎಲ್ಲ ಊರಿಗೂ ಒಂದೇ: ಮೂಲ ಪತ್ರ, ಇಸಿ (ಆಸ್ತಿ ಮೇಲಿನ ಸಾಲ, ವಹಿವಾಟು ತೋರಿಸುವ ಋಣಭಾರ ಪತ್ರ), ಪುರಸಭೆಯ ಇ-ಖಾತಾ. ಇದು ದೇವಸ್ಥಾನಗಳ ಊರು, ಹಾಗಾಗಿ ಹಿಂದೆ ದಾನವಾಗಿ ಕೊಟ್ಟ ಇನಾಂ ಜಾಗವೇ ಅಥವಾ ದೇವಸ್ಥಾನಕ್ಕೆ ಸೇರಿದ ಮುಜರಾಯಿ ಜಾಗವೇ ಅನ್ನುವುದನ್ನೂ ವಕೀಲರಿಂದ ನೋಡಿಸಿ. ಹಳೇ ಮನೆಗಳಲ್ಲಿ ಅಣ್ಣತಮ್ಮಂದಿರ ಪಾಲು ಆಗದೇ ಉಳಿದಿರುವುದೂ ಉಂಟು. ಎಲ್ಲರ ಸಹಿ ಬೇಕು, ಅಕ್ಕತಂಗಿಯರದ್ದೂ ಸೇರಿ.

ದಿನನಿತ್ಯದ ಬದುಕಿಗೆ ಮೈಸೂರು ಹತ್ತಿರವಿರುವುದೇ ದೊಡ್ಡ ಅನುಕೂಲ. ತಾಲ್ಲೂಕು ಆಸ್ಪತ್ರೆ ಊರಲ್ಲೇ ಇದೆ. ಹೃದಯದ ತೊಂದರೆಯಂಥದ್ದಕ್ಕೆ ಮೈಸೂರಿಗೇ ಹೋಗಬೇಕು. ರಾತ್ರಿ ಎರಡು ಗಂಟೆಗೆ ನಿಮ್ಮ ಬೀದಿಯೊಳಗೆ ಆಂಬುಲೆನ್ಸ್ ಬರುತ್ತದಾ ನೋಡಿ, ಕೋಟೆಯೊಳಗಿನ ಕೆಲವು ಓಣಿಗಳು ಬಹಳ ಕಿರಿದು. ರೈಲು ನಿಲ್ದಾಣ ಉಂಟು, ಆದರೆ ಎಲ್ಲ ಎಕ್ಸ್‌ಪ್ರೆಸ್ ನಿಲ್ಲುವುದಿಲ್ಲ. ಬೆಂಗಳೂರಿನ ಮಕ್ಕಳು ಕಾರಲ್ಲಿ ಬಂದುಹೋಗುವುದಕ್ಕೆ ಎಕ್ಸ್‌ಪ್ರೆಸ್‌ವೇ ಸುಲಭ. ನಿಮ್ಮ ಸ್ಕೂಟರ್‌ಗೆ ಮಾತ್ರ ಅಲ್ಲಿ ಜಾಗವಿಲ್ಲ, ಸರ್ವಿಸ್ ರಸ್ತೆಯೇ ಗತಿ.

ಗದ್ದಲದ ಬಗ್ಗೆ ಹೊರಗಿನವರು ಯೋಚಿಸುವುದೇ ಇಲ್ಲ. ಸದ್ದಿಲ್ಲದ ಊರು ಅಂದುಕೊಂಡು ಬರುತ್ತಾರೆ. ಸಂಕ್ರಾಂತಿಯ ಲಕ್ಷದೀಪೋತ್ಸವ, ರಥಸಪ್ತಮಿಯ ತೇರು, ವೈಕುಂಠ ಏಕಾದಶಿ, ದಸರಾ, ನಿಮಿಷಾಂಬ ದೇವಸ್ಥಾನದಲ್ಲಿ ಅಮಾವಾಸ್ಯೆ. ಇದರ ಮೇಲೆ ಪ್ರತಿ ಶನಿವಾರ, ಭಾನುವಾರ ಟೂರಿಸ್ಟ್ ಬಸ್ಸುಗಳು. ಸಂಗಮ, ಪಶ್ಚಿಮವಾಹಿನಿಗಳಿಗೆ ಅಸ್ಥಿ ಬಿಡಲು ವರ್ಷವಿಡೀ ಜನ ಬರುತ್ತಾರೆ, ಪಿತೃಪಕ್ಷದಲ್ಲಂತೂ ಕಾಲಿಡಲು ಜಾಗವಿರುವುದಿಲ್ಲ. ಕೆಲವರಿಗೆ ಇದೇ ಖುಷಿ. ನಿಮ್ಮ ಮನೆಯವರಿಗೆ ಹೇಗೋ, ಕೇಳಿದ್ದೀರಾ? ಪ್ರಶ್ನೆಯಲ್ಲಿ ಅವರ ಮಾತು ಒಂದೂ ಇಲ್ಲ.

ನನ್ನನ್ನು ಕೇಳಿದರೆ, ಹೊಸ ಮನೆಯೇ ಬೇಕು ಅನ್ನುವುದಾದರೆ ಕೋಟೆ ಬಿಡಿ. ದ್ವೀಪದ ಪೂರ್ವದ ಗಂಜಾಂ ಕಡೆಯಲ್ಲೂ ಗುಂಬಜ್ ಇರುವುದರಿಂದ ವಿಚಾರಿಸಿಯೇ ಮುಂದುವರಿಯಿರಿ. ದ್ವೀಪದ ಆಚೆ ಬಾಬುರಾಯನಕೊಪ್ಪಲು, ಕಿರಂಗೂರು ಕಡೆ ನೋಡಿದರೆ ತಲೆನೋವು ಕಡಿಮೆ. ಹೊಳೆಗೆ ಸಂಜೆ ನಡೆದುಕೊಂಡೋ ಸ್ಕೂಟರಿನಲ್ಲೋ ಬರಬಹುದು. ಯಾವುದಕ್ಕೂ ಮೊದಲು ಜೂನ್‌ನಿಂದ 11 ತಿಂಗಳ ಕರಾರು ಮಾಡಿಕೊಂಡು ಬಾಡಿಗೆಗೆ ಇರಿ. ಮಳೆ, ದಸರಾ, ಸಂಕ್ರಾಂತಿ, ಬೇಸಿಗೆ ಎಲ್ಲ ಅದರೊಳಗೇ ಬರುತ್ತವೆ. ಅಲ್ಲಿಯವರೆಗೂ ಬೆಂಗಳೂರಿನ ಮನೆ ಮಾರಬೇಡಿ.